ಬಿತ್ರಾ ದ್ವೀಪ: ಕಾಯಿದೆ ಅಳೆಯುವ ನೆಲ, ಅಳತೆಗೆ ಸಿಗದ ಕಡಲು

ಜನ ವಾಸ ಮಾಡುತ್ತಿರುವ ಒಂದಿಡೀ ದ್ವೀಪವನ್ನೇ ಸರ್ಕಾರ ವಶಕ್ಕೆ ತೆಗೆದುಕೊಳ್ಳಬಹುದಾ? 2025ರ ಜುಲೈನಲ್ಲಿ ಲಕ್ಷದ್ವೀಪದ ಬಿತ್ರಾ ಬಗ್ಗೆ ಸುದ್ದಿ ಬಂದಾಗ ಎದ್ದ ಪ್ರಶ್ನೆ ಇದು. ದ್ವೀಪ ಆಗಲೇ ಸೇನೆಯ ಪಾಲಾಯಿತು ಎಂದು ಕೆಲವರು ತಿಳಿದರು. ಇದು ಬರೀ ಸರ್ವೆ, ಸುಮ್ನೆ ಗಲಾಟೆ ಎಂದು ಇನ್ನು ಕೆಲವರು ಅಂದರು. ಎರಡೂ ಪೂರ್ತಿ ನಿಜವಲ್ಲ. ದೇಶದ ರಕ್ಷಣೆ ದೊಡ್ಡದೋ, ಅಲ್ಲಿನ ಜನ ದೊಡ್ಡವರೋ ಎಂಬ ಜಗಳದಲ್ಲಿ ಅಸಲು ವಿಷಯ ಮರೆಯಾಗುತ್ತಿದೆ. ಹಾಗಾಗಿ ಮೊದಲಿನಿಂದ ನೋಡೋಣ.

ಅಧಿಸೂಚನೆಯಲ್ಲಿ ಇರುವುದೇನು

ಲಕ್ಷದ್ವೀಪದ ಕಂದಾಯ ಇಲಾಖೆ 2025ರ ಜುಲೈ 11ರಂದು ಒಂದು ಅಧಿಸೂಚನೆ ಹೊರಡಿಸಿತು. ಬಿತ್ರಾದ ಇಡೀ ನೆಲವನ್ನು ಸ್ವಾಧೀನ ಮಾಡಿಕೊಂಡು ಕೇಂದ್ರದ ರಕ್ಷಣಾ ಸಂಸ್ಥೆಗಳಿಗೆ ಒಪ್ಪಿಸುವ ಪ್ರಸ್ತಾವ ಇದೆ, ಅದಕ್ಕಾಗಿ ಸಾಮಾಜಿಕ ಪರಿಣಾಮ ಅಧ್ಯಯನ ನಡೆಸುತ್ತೇವೆ ಎನ್ನುವುದು ಅದರ ಸಾರ. ಎರಡು ತಿಂಗಳಲ್ಲಿ ಸರ್ವೆ ಮುಗಿಯಬೇಕು ಎಂದು ಅದರಲ್ಲಿತ್ತು. ಗ್ರಾಮಸಭೆಯೂ ಸೇರಿ ಸಂಬಂಧಪಟ್ಟ ಎಲ್ಲರ ಜೊತೆ ಮಾತಾಡುತ್ತೇವೆ ಎಂದೂ ಹೇಳಿದ್ದಾರೆ. ಆದರೆ ಭೂಮಾಲೀಕರ ಒಪ್ಪಿಗೆ ಬೇಕಿಲ್ಲ.

ಕೊಟ್ಟ ಕಾರಣಗಳು ಮೂರು. ಮೊದಲನೆಯದು ದ್ವೀಪ ಆಯಕಟ್ಟಿನ ಜಾಗದಲ್ಲಿದೆ ಎನ್ನುವುದು. ಎರಡನೆಯದು ರಾಷ್ಟ್ರೀಯ ಭದ್ರತೆ. ಮೂರನೆಯದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಇಂಥ ಕಡೆ ನಾಗರಿಕರು ವಾಸವಿದ್ದರೆ ಸಾಗಾಟಕ್ಕೂ ಆಡಳಿತಕ್ಕೂ ತೊಡಕು ಎನ್ನುತ್ತದೆ ಅದು. ಅಂದರೆ ಆಸ್ಪತ್ರೆ, ಹಡಗು, ಶಾಲೆ, ರೇಷನ್ ತಲುಪಿಸುವುದು ಕಷ್ಟ ಎನ್ನುವುದೇ ಜನರನ್ನು ಎಬ್ಬಿಸಲು ಒಂದು ಕಾರಣವಾಗಿದೆ. ಮೊದಲ ಎರಡು ಕಾರಣಗಳ ಬಗ್ಗೆ ವಾದ ಮಾಡಬಹುದು. ಮೂರನೆಯದು ಒಪ್ಪುವಂಥದ್ದೇ ಅಲ್ಲ. ಸವಲತ್ತು ತಲುಪಿಸುವುದು ಆಡಳಿತದ ಕೆಲಸ. ಅದು ಕಷ್ಟ ಅನ್ನುವುದು ಊರು ಖಾಲಿ ಮಾಡಿಸಲು ಕಾರಣ ಆಗಬಾರದು.

ಆಗ ಆಗಿದ್ದು ಇಷ್ಟು: ಅಧಿಸೂಚನೆಯಿಂದ ನೆಲ ಯಾರ ಕೈಗೂ ಹೋಗಲಿಲ್ಲ, ಹೋಗುವ ದಾರಿಯ ಮೊದಲ ಬಾಗಿಲು ತೆರೆಯಿತು. ಲಕ್ಷದ್ವೀಪದ ಸಂಸದ ಹಮ್ದುಲ್ಲಾ ಸಯೀದ್ ತಕ್ಷಣ ವಿರೋಧಿಸಿದರು. ರಕ್ಷಣೆಗೆ ಬೇಕಾದ ನೆಲವನ್ನು ಸರ್ಕಾರ ಬೇರೆ ದ್ವೀಪಗಳಲ್ಲಿ ಈಗಾಗಲೇ ತೆಗೆದುಕೊಂಡಿದೆ, ಸ್ಥಳೀಯ ಪಂಚಾಯಿತಿಗಳೇ ಇಲ್ಲದ ಹೊತ್ತಿನಲ್ಲಿ ಜನರನ್ನು ಕೇಳದೆ ಇದನ್ನು ಮಾಡಲಾಗುತ್ತಿದೆ ಎನ್ನುವುದು ಅವರ ವಾದ.

ಬಿತ್ರಾ ಎಷ್ಟು ಚಿಕ್ಕದು, ಎಷ್ಟು ದೊಡ್ಡದು

ಲಕ್ಷದ್ವೀಪದಲ್ಲಿ ಊರಿರುವ ದ್ವೀಪಗಳು ಹತ್ತು. ಅವುಗಳಲ್ಲಿ ಅತಿ ಚಿಕ್ಕದು ಬಿತ್ರಾ. ವಿಸ್ತೀರ್ಣ 0.105 ಚದರ ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಸುಮಾರು 26 ಎಕರೆ. ಮಲೆನಾಡಿನ ಒಂದು ಮಧ್ಯಮ ಗಾತ್ರದ ಕಾಫಿ ತೋಟ ಇಷ್ಟಿರಬಹುದು. ಉದ್ದ 570 ಮೀಟರ್, ಅಗಲ ಹೆಚ್ಚೆಂದರೆ 280 ಮೀಟರ್. 2011ರ ಜನಗಣತಿಯಲ್ಲಿ ಅಲ್ಲಿದ್ದವರು 271 ಜನ.

ಇನ್ನೊಂದು ಅಂಕಿಯನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಬಿತ್ರಾದ ಲಗೂನ್, ಅಂದರೆ ಹವಳದ ದಿಬ್ಬ ಉಂಗುರದ ಹಾಗೆ ಸುತ್ತುವರಿದ ಒಳಗಿನ ಶಾಂತ ಕಡಲು, 45.61 ಚದರ ಕಿಲೋಮೀಟರ್ ಇದೆ. ನೆಲಕ್ಕಿಂತ ನಾನೂರು ಪಟ್ಟು ಜಾಸ್ತಿ. ಲಕ್ಷದ್ವೀಪದ ದೊಡ್ಡ ಲಗೂನ್‌ಗಳಲ್ಲಿ ಇದೂ ಒಂದು. ಜನ ಮಲಗುವುದು 26 ಎಕರೆಯಲ್ಲಿ, ದುಡಿಯುವುದು 45 ಚದರ ಕಿಲೋಮೀಟರಿನಲ್ಲಿ. ಈ ವಿವಾದದ ಗಂಟು ಇರುವುದೇ ಇಲ್ಲಿ. ಭೂಸ್ವಾಧೀನ ಕಾಯಿದೆಗೆ ಮೊದಲನೆಯ ಅಂಕಿಯನ್ನು ಅಳೆಯಲು ಬರುತ್ತದೆ. ಎರಡನೆಯದನ್ನು ಅಳೆಯುವ ಕೋಲು ಅದರ ಕೈಯಲ್ಲಿಲ್ಲ.

ಇಲ್ಲಿ ಜನ ಕಾಯಂ ಆಗಿ ನೆಲೆಸಿದ್ದು ತೀರಾ ಹಳೆಯ ಕಾಲದಲ್ಲೇನೂ ಅಲ್ಲ. ಮೊದಲು ಇದು ಕಡಲ ಹಕ್ಕಿಗಳು ಮೊಟ್ಟೆಯಿಡುವ ಜಾಗವಾಗಿತ್ತು. ಸುಮಾರು 60 ಕಿ.ಮೀ. ಪೂರ್ವಕ್ಕಿರುವ ಚೆಟ್ಲಾಟ್ ದ್ವೀಪದವರು ಬಂದು ಹೋಗುತ್ತಿದ್ದರು, ಆಮೇಲೆ ಇಲ್ಲೇ ಉಳಿದರು. ಮಲಿಕ್ ಮುಲ್ಲಾ ಎಂಬ ಅರಬ್ ಸಂತರದು ಎಂದು ನಂಬುವ ಒಂದು ಸಮಾಧಿ ದ್ವೀಪದಲ್ಲಿದೆ. ಅಕ್ಕಪಕ್ಕದ ದ್ವೀಪಗಳಿಂದ ಜನ ಅಲ್ಲಿಗೆ ಹರಕೆ ಹೊತ್ತು ಬರುತ್ತಾರೆ. ಹಾಗಾಗಿ ಬಿತ್ರಾ ಅಲ್ಲಿ ವಾಸವಿರುವವರಿಗೆ ಮಾತ್ರ ಸೇರಿದ್ದಲ್ಲ.

ಕರ್ನಾಟಕಕ್ಕೂ ಇದಕ್ಕೂ ಏನು ಸಂಬಂಧ

ಲಕ್ಷದ್ವೀಪ ಅಂದ ಕೂಡಲೇ ನಮಗೆ ಕೊಚ್ಚಿ ನೆನಪಾಗುತ್ತದೆ. ಭೂಪಟದಲ್ಲಿ ಗೆರೆ ಎಳೆದು ನೋಡಿದರೆ ಬಿತ್ರಾಕ್ಕೆ ಕೊಚ್ಚಿ 483 ಕಿ.ಮೀ. ದೂರ, ಮಂಗಳೂರು 300 ಚಿಲ್ಲರೆ. ಹತ್ತಿರ ಮಂಗಳೂರೇ.

ಚರಿತ್ರೆಯಲ್ಲೂ ಹಾಗೇ. ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ಐದೂ ಸೇರಿ ಅಮಿನ್‌ದಿವಿ ದ್ವೀಪಗಳು. ಇವು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಆ ಆಡಳಿತದ ಕಾಟ ತಾಳಲಾರದೆ 1783ರಲ್ಲಿ ಅಮಿನಿಯ ಕೆಲವರು ಮಂಗಳೂರಿಗೆ ಬಂದು, ನಮ್ಮನ್ನು ನಿಮ್ಮ ಆಳ್ವಿಕೆಗೆ ತಗೊಳ್ಳಿ ಎಂದು ಟಿಪ್ಪು ಸುಲ್ತಾನನನ್ನು ಕೇಳಿಕೊಂಡರು. ಹಾಗೆ ಈ ಐದು ದ್ವೀಪ ಮೈಸೂರಿಗೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಪಾಲಾದರೂ ಆಡಳಿತ ನಡೆದಿದ್ದು ಮಂಗಳೂರಿನಿಂದಲೇ. ಆಮೇಲೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಉಳಿದವು. 1956ರ ನವೆಂಬರ್ 1ರಂದು, ನಮ್ಮ ರಾಜ್ಯ ಹುಟ್ಟಿದ ದಿನವೇ, ಅವು ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿಹೋದವು.

ಅಷ್ಟು ಕಾಲವೂ ದ್ವೀಪದವರು ಓಡದಲ್ಲಿ ತೆಂಗಿನ ನಾರು ತುಂಬಿಕೊಂಡು ಮಂಗಳೂರಿಗೆ ಬರುತ್ತಿದ್ದರು. ನಾರು ಕೊಳ್ಳುವ ಹಕ್ಕು ಸರ್ಕಾರದ್ದು. ಬದಲಿಗೆ ಅಕ್ಕಿ ಕೊಡುತ್ತಿದ್ದರು. ಯಾವ ದರದಲ್ಲಿ ಎಷ್ಟು ಅಕ್ಕಿ ಎಂದು ನಿರ್ಧಾರ ಮಾಡುತ್ತಿದ್ದವರೂ ಸರ್ಕಾರದವರೇ. ದ್ವೀಪದವರಿಗೆ ತಮ್ಮದೇ ಸರಕಿನ ಬೆಲೆ ಹೇಳುವ ಹಕ್ಕಿರಲಿಲ್ಲ. ಈಗಲೂ ಮಂಗಳೂರಿನ ಹಳೇ ಬಂದರಿನ ಧಕ್ಕೆಯಲ್ಲಿ ಮಂಜಿಗಳು, ಅಂದರೆ ಸರಕು ಸಾಗಿಸುವ ದೋಣಿಗಳು, ಸಿಮೆಂಟು, ಜಲ್ಲಿ, ತರಕಾರಿ ತುಂಬಿಕೊಂಡು ಲಕ್ಷದ್ವೀಪಕ್ಕೆ ಹೊರಡುತ್ತವೆ. ಈ ಸುದ್ದಿ ನಮಗೆ ದೂರದ್ದಲ್ಲ.

ರಕ್ಷಣೆಯ ಕಡೆಯ ವಾದ

ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪರ್ಷಿಯನ್ ಕೊಲ್ಲಿಯಿಂದ ಪೂರ್ವ ಏಷ್ಯಾಕ್ಕೆ ಎಣ್ಣೆ ಹೊತ್ತೊಯ್ಯುವ ಹಡಗುಗಳ ಮುಖ್ಯ ದಾರಿಗಳು ಲಕ್ಷದ್ವೀಪದ ಪಕ್ಕದಲ್ಲೇ ಹಾದುಹೋಗುತ್ತವೆ. ಮಿನಿಕಾಯ್‌ನ ಉತ್ತರಕ್ಕಿರುವ ಒಂಬತ್ತು ಡಿಗ್ರಿ ಕಾಲುವೆ ಅದರಲ್ಲಿ ಬಹಳ ಗಿಜಿಗುಡುವ ದಾರಿ. 2008ರ ನವೆಂಬರಿನಲ್ಲಿ ಮುಂಬೈಗೆ ಭಯೋತ್ಪಾದಕರು ಬಂದಿದ್ದು ಕಡಲಿನಿಂದ. 2022ರ ಮೇ ತಿಂಗಳಲ್ಲಿ ಅಗತ್ತಿ ದ್ವೀಪದ ಆಚೆ ಎರಡು ದೋಣಿಗಳಲ್ಲಿ 218 ಕಿಲೋ ಹೆರಾಯಿನ್ ಸಿಕ್ಕಿತ್ತು.

2023ರ ಕೊನೆಯಲ್ಲಿ ಮಾಲ್ಡೀವ್ಸ್‌ನಲ್ಲಿ ಸರ್ಕಾರ ಬದಲಾಗಿ, ಅಲ್ಲಿದ್ದ ಭಾರತೀಯ ಸೈನಿಕರು 2024ರ ಮೇ ಹೊತ್ತಿಗೆ ವಾಪಸ್ ಬಂದರು. ಆ ಕಡೆ ಜಾಗ ಕಡಿಮೆಯಾದಾಗ ಈ ಕಡೆ ಗಟ್ಟಿ ಮಾಡಿಕೊಳ್ಳಬೇಕು ಎನ್ನುವ ಯೋಚನೆ ಬರುವುದು ಸಹಜ. 2012ರಲ್ಲೇ ಕವರತ್ತಿಯಲ್ಲಿ ಐಎನ್‌ಎಸ್ ದ್ವೀಪರಕ್ಷಕ್ ಎಂಬ ನೌಕಾನೆಲೆ ಆಗಿತ್ತು. 2024ರ ಮಾರ್ಚ್ 6ರಂದು ಮಿನಿಕಾಯ್‌ನಲ್ಲಿ ಐಎನ್‌ಎಸ್ ಜಟಾಯು ಶುರುವಾಯಿತು. ಇವೆರಡೂ ದ್ವೀಪಸಾಲಿನ ನಡುವೆ ಮತ್ತು ದಕ್ಷಿಣದಲ್ಲಿವೆ. ಬಿತ್ರಾ ಇರುವುದು ಉತ್ತರದಲ್ಲಿ. ನೆಲೆಗಳ ಸಾಲು ಪೂರ್ತಿಯಾಗಬೇಕಾದರೆ ಉತ್ತರದಲ್ಲೂ ಒಂದು ಬೇಕು ಎನ್ನುವ ಲೆಕ್ಕಾಚಾರ ಅರ್ಥವಾಗುತ್ತದೆ.

ಆದರೆ ಇದೇ ವಿವರದಲ್ಲಿ ಇನ್ನೊಂದು ಸಂಗತಿಯೂ ಇದೆ. ಕವರತ್ತಿಯಲ್ಲಿ ನೌಕಾನೆಲೆ ಇದೆ, ಜನರೂ ಇದ್ದಾರೆ. ಮಿನಿಕಾಯ್‌ನಲ್ಲೂ ಅಷ್ಟೇ. ಯಾವ ಕಡೆಯೂ ದ್ವೀಪ ಖಾಲಿ ಮಾಡಿಸಲಿಲ್ಲ. ಬಿತ್ರಾದಲ್ಲಿ ಮಾತ್ರ ಪೂರ್ತಿ ಖಾಲಿಯಾಗಬೇಕು ಯಾಕೆ? ಜಾಗ ಸಾಲದು ಎನ್ನಬಹುದು. 26 ಎಕರೆಯಲ್ಲಿ ನೆಲೆಯೂ ಊರೂ ಎರಡೂ ಹಿಡಿಯುವುದು ಕಷ್ಟ ಇರಬಹುದು. ಹಾಗಿದ್ದರೆ ಮುಂದಿನ ಪ್ರಶ್ನೆ: ಸುಹೇಲಿ, ಪೆರುಮಾಳ್ ಪಾರ್ ಥರದ ಊರಿಲ್ಲದ ದ್ವೀಪಗಳು ಯಾಕಾಗಲ್ಲ? ಅವುಗಳಿಗೂ ತೊಡಕುಗಳಿರಬಹುದು. ಕೆಲವು ದೂರ, ಕೆಲವು ಮರಳಿನ ಪಟ್ಟಿಯಷ್ಟೇ, ಕೆಲವು ಕಡೆ ಪ್ರವಾಸೋದ್ಯಮದ ಯೋಜನೆ ಇದೆ. ಆದರೆ ಆ ಹೋಲಿಕೆಯನ್ನು ಸರ್ಕಾರ ಜನರ ಮುಂದೆ ಇಡಬೇಕು. ಸೇನೆಯ ಗುಟ್ಟುಗಳನ್ನು ಬಿಚ್ಚಿಡದೆಯೂ ಇಷ್ಟನ್ನು ಹೇಳಲು ಸಾಧ್ಯ.

ದ್ವೀಪದವರು ನಂಬುತ್ತಿಲ್ಲ ಯಾಕೆ

ಇದಕ್ಕೆ 2021ಕ್ಕೆ ಹೋಗಬೇಕು. ಆಡಳಿತಾಧಿಕಾರಿ ಪ್ರಫುಲ್ ಖೋಡಾ ಪಟೇಲ್ ಬಂದ ಮೇಲೆ ಆ ವರ್ಷ ಒಂದರ ಹಿಂದೊಂದು ಕರಡು ನಿಯಮಗಳು ಹೊರಬಿದ್ದವು. ಅವುಗಳಲ್ಲಿ ಒಂದು, ಅಭಿವೃದ್ಧಿಗಾಗಿ ಯಾವುದೇ ಜಾಗವನ್ನು ಯೋಜನಾ ಪ್ರದೇಶ ಎಂದು ಗುರುತಿಸುವ ಅಧಿಕಾರವನ್ನು ಆಡಳಿತಕ್ಕೆ ಕೊಡುವಂಥದ್ದು. ಜಮೀನು ಹೋಗುತ್ತದೆ ಎಂದು ಜನ ಆಗಲೇ ಹೆದರಿದ್ದರು. ಕೋವಿಡ್ ನಡುವೆಯೂ ಮನೆಮನೆಯಲ್ಲಿ ಉಪವಾಸ ಕೂತು ಪ್ರತಿಭಟಿಸಿದರು. ಬಿತ್ರಾದ ಅಧಿಸೂಚನೆಯನ್ನು ಅವರು ಓದುವುದು ಆ ನೆನಪಿನ ಜೊತೆಗೆ.

ಲಕ್ಷದ್ವೀಪಕ್ಕೆ ವಿಧಾನಸಭೆ ಇಲ್ಲ. ಇಡೀ ಪ್ರದೇಶಕ್ಕೆ ಒಬ್ಬರೇ ಸಂಸದರು. ಅದರ ಕೆಳಗೆ ಜನರ ದನಿ ಎಂದು ಇದ್ದದ್ದು ಪಂಚಾಯಿತಿ ಮಾತ್ರ. ಹಿಂದಿನ ಚುನಾವಣೆ ನಡೆದಿದ್ದು 2017ರಲ್ಲಿ. ಅವಧಿ ಮುಗಿದ ಮೇಲೆ, ಈ ಅಧಿಸೂಚನೆ ಬಂದ ಹೊತ್ತಿಗೂ, ಹೊಸ ಪಂಚಾಯಿತಿ ಬಂದಿರಲಿಲ್ಲ. ಹಾಗಿರುವಾಗ ಗ್ರಾಮಸಭೆಯ ಜೊತೆ ಮಾತಾಡುತ್ತೇವೆ ಅಂದರೆ ಏನರ್ಥ? ಸಭೆ ಕರೆಯುವವರು ಯಾರು, ನಡೆಸುವವರು ಯಾರು, ಠರಾವು ಬರೆಯುವವರು ಯಾರು? ಎಲ್ಲವೂ ಅಧಿಕಾರಿಗಳೇ ಆದರೆ ಅದು ಸಮಾಲೋಚನೆ ಆಗಲ್ಲ, ಅಲ್ವಾ?

ಕಾಯಿದೆ ಎಲ್ಲಿ ಕಾಯುತ್ತದೆ, ಎಲ್ಲಿ ಕೈಬಿಡುತ್ತದೆ

ಇಲ್ಲಿ ಅನ್ವಯ ಆಗುವುದು 2013ರ ಭೂಸ್ವಾಧೀನ ಕಾಯಿದೆ. ಖಾಸಗಿ ಕಂಪನಿಗೆ ಭೂಮಿ ಬೇಕಾದರೆ ಶೇ. 80ರಷ್ಟು ಕುಟುಂಬಗಳ ಒಪ್ಪಿಗೆ ಬೇಕು. ಸರ್ಕಾರ ಮತ್ತು ಖಾಸಗಿಯವರು ಸೇರಿ ಮಾಡುವ ಯೋಜನೆಗೆ ಶೇ. 70. ಸರ್ಕಾರ ತನ್ನ ಸ್ವಂತ ಬಳಕೆಗೆ, ಅದರಲ್ಲೂ ರಕ್ಷಣೆಗೆ ತಗೊಂಡರೆ ಒಪ್ಪಿಗೆಯೇ ಬೇಡ. ತೀರಾ ತುರ್ತು ಎಂದು ಹೇಳಿ ಸಾಮಾಜಿಕ ಅಧ್ಯಯನವನ್ನೂ ಬಿಡುವ ಅವಕಾಶ ಕಾಯಿದೆಯಲ್ಲಿದೆ. ಆಡಳಿತ ಆ ದಾರಿ ಹಿಡಿಯಲಿಲ್ಲ ಎನ್ನುವುದನ್ನು ಒಪ್ಪಬೇಕು.

ಬುಡಕಟ್ಟು ಜನರಿಗೆ ವಿಶೇಷ ರಕ್ಷಣೆ ಇಲ್ಲವಾ ಎಂದು ಕೇಳಬಹುದು. ಲಕ್ಷದ್ವೀಪದ ಹತ್ತಿರ ಹತ್ತಿರ ಶೇ. 95 ಜನ ಪರಿಶಿಷ್ಟ ಪಂಗಡದವರು. ಕಾಯಿದೆಯ 41ನೇ ಸೆಕ್ಷನ್ ಪ್ರಕಾರ ಪರಿಶಿಷ್ಟ ಪ್ರದೇಶಗಳಲ್ಲಿ ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಭೂಮಿ ತಗೊಳ್ಳಬೇಕು, ಅದೂ ಗ್ರಾಮಸಭೆಯ ಒಪ್ಪಿಗೆ ಪಡೆದು, ತುರ್ತಿನಲ್ಲೂ ಸಹ. ಬಹಳ ಗಟ್ಟಿಯಾದ ರಕ್ಷಣೆ ಇದು. ಆದರೆ ಪರಿಶಿಷ್ಟ ಪ್ರದೇಶ ಎಂದರೆ ಸಂವಿಧಾನದ ಐದನೇ ಅನುಸೂಚಿಯಲ್ಲಿ ಘೋಷಣೆಯಾದ ಜಾಗ. ಲಕ್ಷದ್ವೀಪ ಆ ಪಟ್ಟಿಯಲ್ಲಿ ಇಲ್ಲ. ಜನ ಪರಿಶಿಷ್ಟರು, ನೆಲ ಪರಿಶಿಷ್ಟ ಅಲ್ಲ. ಹಾಗಾಗಿ ಜಾರ್ಖಂಡ್‌ನ ಪರಿಶಿಷ್ಟ ಪ್ರದೇಶದ ಹಳ್ಳಿಗಿರುವ ಹಕ್ಕು ಬಿತ್ರಾಕ್ಕೆ ಸಿಗುವುದಿಲ್ಲ. ನನ್ನ ಪ್ರಕಾರ ಇಡೀ ಪ್ರಕರಣದ ದೊಡ್ಡ ಅನ್ಯಾಯ ಇದು.

ಆದರೂ ದ್ವೀಪದವರ ಕೈಯಲ್ಲಿ ಒಂದು ಅಸ್ತ್ರ ಉಳಿದಿದೆ. ಅದು ಸಾಮಾಜಿಕ ಪರಿಣಾಮ ಅಧ್ಯಯನವೇ. ಈ ಅಧ್ಯಯನ ಏನನ್ನು ಪರಿಶೀಲಿಸಬೇಕು ಎಂದು 4ನೇ ಸೆಕ್ಷನ್ ಬಿಡಿಸಿ ಹೇಳುತ್ತದೆ. ಕೇಳಿದಷ್ಟೂ ನೆಲ ಈ ಯೋಜನೆಗೆ ನಿಜಕ್ಕೂ ಬೇಕಾದ ಕನಿಷ್ಠ ಪ್ರಮಾಣವೇ? ಬೇರೆ ಜಾಗ ನೋಡಿ, ಅದು ಆಗಲ್ಲ ಎಂದು ಖಚಿತ ಮಾಡಿಕೊಂಡಿದ್ದಾರಾ? ಕುಡಿಯುವ ನೀರು, ಸಮುದಾಯದ ಆಸ್ತಿ, ಹೂಳುವ ಜಾಗ, ಜೀವನೋಪಾಯ, ಇವುಗಳ ಮೇಲೆ ಏನು ಪರಿಣಾಮ? ಮೇಲೆ ಸುಹೇಲಿ ಬಗ್ಗೆ ಕೇಳಿದ ಪ್ರಶ್ನೆ ಯಾರದೋ ತಕರಾರಲ್ಲ, ಕಾಯಿದೆಯೇ ಕೇಳುವ ಪ್ರಶ್ನೆ. ಸಾರ್ವಜನಿಕ ಅಹವಾಲು ನಡೆಯಬೇಕು. ಆಮೇಲೆ ಸ್ವತಂತ್ರ ತಜ್ಞರ ಗುಂಪು ವರದಿಯನ್ನು ತೂಗಿ ನೋಡಬೇಕು. ಆ ಗುಂಪಿನಲ್ಲಿ ಇಬ್ಬರು ಪಂಚಾಯಿತಿ ಅಥವಾ ಗ್ರಾಮಸಭೆಯ ಪ್ರತಿನಿಧಿಗಳಿರಬೇಕು. ಪಂಚಾಯಿತಿ ಇಲ್ಲ ಎನ್ನುವುದು ಇಲ್ಲಿ ಮತ್ತೆ ಅಡ್ಡ ಬರುತ್ತದೆ.

ಲಗೂನ್ ಹೋದರೆ ಏನು ಹೋಗುತ್ತದೆ

ಲಕ್ಷದ್ವೀಪದಲ್ಲಿ ಟ್ಯೂನಾ ಹಿಡಿಯುವ ಬಗೆ ನೋಡಿದರೆ ಲಗೂನ್‌ನ ಬೆಲೆ ಗೊತ್ತಾಗುತ್ತದೆ. ಅಲ್ಲಿ ದೊಡ್ಡ ಬಲೆ ಬೀಸಿ ಕಡಲು ಬಾಚುವುದಿಲ್ಲ. ಮೊದಲು ಲಗೂನ್‌ನ ಶಾಂತ ನೀರಿನಲ್ಲಿ ಸಣ್ಣ ಬಲೆಯಿಂದ ಬೆರಳುದ್ದದ ಮರಿಮೀನು ಹಿಡಿಯುತ್ತಾರೆ. ಅವನ್ನು ದೋಣಿಯ ಹೊಟ್ಟೆಯಲ್ಲಿ ನೀರು ತುಂಬಿದ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಂಡು ಹವಳದ ದಿಬ್ಬ ದಾಟಿ ಹೊರಗಿನ ಕಡಲಿಗೆ ಹೋಗುತ್ತಾರೆ. ಟ್ಯೂನಾ ಹಿಂಡು ಕಂಡ ಕೂಡಲೇ ಮರಿಮೀನುಗಳನ್ನು ಎರಚುತ್ತಾರೆ, ಜೊತೆಗೆ ಸಣ್ಣ ಮೀನು ಮೇಲೆದ್ದು ಕುಣಿಯುವಂತೆ ಕಾಣಲಿ ಎಂದು ನೀರು ಸಿಂಪಡಿಸುತ್ತಾರೆ. ಹಿಂಡು ಹುಚ್ಚೆದ್ದು ಕಚ್ಚಲು ಬರುತ್ತದೆ. ಆಗ ಸಾಲಾಗಿ ನಿಂತವರು ಗಾಳದ ಕೋಲಿನಿಂದ ಒಂದೊಂದೇ ಮೀನನ್ನು ಎತ್ತಿ ಹಿಂದಕ್ಕೆ ಬೀಸುತ್ತಾರೆ. ಕೊಕ್ಕೆಗೆ ಮುಳ್ಳಿರುವುದಿಲ್ಲ, ಮೀನು ದೋಣಿಗೆ ಬೀಳುವಷ್ಟರಲ್ಲಿ ತಾನೇ ಬಿಡಿಸಿಕೊಂಡಿರುತ್ತದೆ. ಹತ್ತಿಪ್ಪತ್ತು ನಿಮಿಷದ ಆಟ ಇದು. ಆದರೆ ಮರಿಮೀನು ಇಲ್ಲದಿದ್ದರೆ ಇದ್ಯಾವುದೂ ಇಲ್ಲ. ಮರಿಮೀನು ಸಿಗುವುದು ಲಗೂನ್‌ನಲ್ಲಿ.

ಬಿತ್ರಾದ ಲಗೂನ್ ದೊಡ್ಡದಾದ್ದರಿಂದ ಸೀಸನ್ನಿನಲ್ಲಿ ಬೇರೆ ದ್ವೀಪಗಳ ದೋಣಿಗಳೂ ಅಲ್ಲಿಗೆ ಬರುತ್ತವೆ. ನೌಕಾನೆಲೆ ಬಂದರೆ ನೆಲದ ಜೊತೆ ಸುತ್ತಲಿನ ನೀರಿಗೂ ನಿರ್ಬಂಧ ಬರುವುದು ಸಾಮಾನ್ಯ. ಹಾಗಾದಾಗ ಪೆಟ್ಟು ಬೀಳುವುದು ಬಿತ್ರಾದ ನೂರು ಚಿಲ್ಲರೆ ಕುಟುಂಬಗಳಿಗೆ ಮಾತ್ರ ಅಲ್ಲ. ಮೀನುಗಾರಿಕೆ ನಂಬಿದವರನ್ನೂ ಬಾಧಿತ ಕುಟುಂಬ ಎಂದು ಕಾಯಿದೆ ಒಪ್ಪುತ್ತದೆ, ಇದು ಒಳ್ಳೆಯದೇ. ಆದರೆ ಪರಿಹಾರ ಏನು? ಕೆಲಸ, ಇಲ್ಲವೇ ಒಂದೇ ಸಲ 5 ಲಕ್ಷ ರೂಪಾಯಿ, ಇಲ್ಲವೇ ತಿಂಗಳಿಗೆ ಕನಿಷ್ಠ 2,000 ರೂಪಾಯಿಯಂತೆ 20 ವರ್ಷ. ಮೀನು ಹಿಡಿಯುವ ಹಕ್ಕಿನ ಮಾತೂ ಕಾಯಿದೆಯಲ್ಲಿ ಬರುತ್ತದೆ. ಅದು ನದಿ, ಕೆರೆ, ಅಣೆಕಟ್ಟಿನ ಬಗ್ಗೆ. ಅಣೆಕಟ್ಟು ಕಟ್ಟಿ ಮುಳುಗಿಸಿದವರಿಗೆ ಆ ಜಲಾಶಯದಲ್ಲಿ ಮೀನು ಹಿಡಿಯುವ ಹಕ್ಕು ಕೊಡಬೇಕು ಎನ್ನುತ್ತದೆ. ಕಾಯಿದೆ ಬರೆದವರ ಕಣ್ಣಮುಂದೆ ಇದ್ದದ್ದು ಒಳನಾಡು. ಲಗೂನ್ ಅವರ ಲೆಕ್ಕದಲ್ಲಿ ಇರಲಿಲ್ಲ.

ಪರಿಸರದ ಮಾತು ಬೇರೆಯೇ ಇದೆ. ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ ಕಡಲು ಕಾದು ಬಿಳಿಚಿಕೊಂಡಿದ್ದವು. 2023ರ ಕೊನೆಯಿಂದ ಬಿಸಿ ಏರಿ 2024ರಲ್ಲಿ ಮತ್ತೆ ಹಾಗಾಯಿತು. ದ್ವೀಪವನ್ನು ಅಲೆಯಿಂದ ಕಾಯುವುದು ಈ ಹವಳದ ಗೋಡೆಯೇ. ಕುಡಿಯುವ ನೀರಿನದೂ ನಾಜೂಕಿನ ಲೆಕ್ಕ: ಮಳೆನೀರು ಮರಳಿನೊಳಗೆ ಇಳಿದು ಅಡಿಯ ಉಪ್ಪುನೀರಿನ ಮೇಲೆ ತೆಳುವಾಗಿ ತೇಲಿಕೊಂಡಿರುತ್ತದೆ. ಜಾಸ್ತಿ ಎಳೆದರೆ ಉಪ್ಪು ಮೇಲೆ ಬರುತ್ತದೆ. ನೆಲೆ ಕಟ್ಟಲು ಹೂಳೆತ್ತಿದರೆ, ಕಾಂಕ್ರೀಟು ಸುರಿದರೆ ಇವೆರಡಕ್ಕೂ ಏನಾಗುತ್ತದೆ ಎನ್ನುವುದು ಸೇನೆಗೂ ಬೇಕಾದ ಪ್ರಶ್ನೆ. ದ್ವೀಪವೇ ಸವೆದರೆ ನೆಲೆಯೂ ಉಳಿಯುವುದಿಲ್ಲ.

ದುಡ್ಡು ಎಷ್ಟು, ಯಾರಿಗೆ

ಪರಿಹಾರ ಲೆಕ್ಕ ಹಾಕುವುದು ಸುತ್ತಮುತ್ತ ನಡೆದ ಜಮೀನು ಮಾರಾಟದ ಬೆಲೆ ನೋಡಿ. ಲಕ್ಷದ್ವೀಪದಲ್ಲಿ ಹೊರಗಿನವರು ಜಮೀನು ಕೊಳ್ಳುವಂತಿಲ್ಲ. ಕೊಡುವವರು ಕೊಳ್ಳುವವರು ಇಬ್ಬರೂ ಕಡಿಮೆ, ಹಾಗಾಗಿ ಮಾರುಕಟ್ಟೆ ಬೆಲೆ ಅನ್ನುವುದೇ ಸರಿಯಾಗಿಲ್ಲ. ಇಂಥ ಕಡೆ ಪಕ್ಕದ ಪ್ರದೇಶದ ಬೆಲೆ ನೋಡಿ ಕನಿಷ್ಠ ದರ ಗೊತ್ತು ಮಾಡಬೇಕು ಎನ್ನುತ್ತದೆ ಕಾಯಿದೆ. ಬಿತ್ರಾದ ಪಕ್ಕದಲ್ಲಿ ಇರುವುದು ಕಡಲು. ಅತಿ ಹತ್ತಿರದ ಊರು 60 ಕಿ.ಮೀ. ಆಚೆಯ ಚೆಟ್ಲಾಟ್, ಅಲ್ಲೂ ಇದೇ ಕಥೆ. ನಾರಿನ ಕಾಲದ ಹಾಗೆ, ಬೆಲೆ ಹೇಳುವವರು ಮತ್ತೆ ಕೊಳ್ಳುವವರೇ.

ಆ ದುಡ್ಡು ಯಾರ ಕೈಗೆ ಹೋಗಬೇಕು ಎನ್ನುವುದೂ ಸುಲಭವಲ್ಲ. ಲಕ್ಷದ್ವೀಪದ ಮುಸ್ಲಿಮರಲ್ಲಿ ತರವಾಡು, ಅಂದರೆ ತಾಯಿಯ ಕಡೆಯಿಂದ ಬರುವ ಕೂಡುಕುಟುಂಬದ ಪದ್ಧತಿ ಇದೆ. ತುಳುನಾಡಿನ ಅಳಿಯಕಟ್ಟು ಗೊತ್ತಿರುವವರಿಗೆ ಇದು ಅರ್ಥವಾಗುತ್ತದೆ. ಅಲ್ಲಿ ಆಸ್ತಿ ಎರಡು ಬಗೆ. ಶುಕ್ರವಾರದ ಆಸ್ತಿ ಎನ್ನುವುದು ತರವಾಡಿಗೆ ಸೇರಿದ್ದು, ಹೆಣ್ಣುಮಕ್ಕಳ ಸಂತತಿಯಲ್ಲಿ ಮುಂದುವರಿಯುವುದು, ಒಬ್ಬರೇ ಮಾರುವಂತಿಲ್ಲ. ಸೋಮವಾರದ ಆಸ್ತಿ ಸ್ವಂತ ಗಳಿಕೆ, ಹೇಗೆ ಬೇಕಾದರೂ ಕೊಡಬಹುದು. ತರವಾಡಿನ ನೆಲಕ್ಕೆ ಬದಲಾಗಿ ಬ್ಯಾಂಕ್ ಖಾತೆಗೆ ಹಣ ಬಂದರೆ, ಪಾಲು ಮಾಡಬಾರದ ಆಸ್ತಿ ಪಾಲಾಗುವ ದುಡ್ಡಾಗಿ ಬದಲಾಗುತ್ತದೆ. ತಾಯಿಮನೆಯ ನೆಲದ ಬಲದಿಂದ ಅಲ್ಲಿನ ಹೆಂಗಸರಿಗೆ ಇರುವ ಭದ್ರತೆ ಒಂದೇ ಚೆಕ್ಕಿನಲ್ಲಿ ಹೋಗಿಬಿಡಬಹುದು. ಅಧ್ಯಯನ ಮಾಡುವವರು ಖಾತೆದಾರರ ಪಟ್ಟಿ ಹಿಡಿದುಕೊಂಡು ಹೋದರೆ ಇದು ಕಾಣುವುದೇ ಇಲ್ಲ.

ಇನ್ನು ಅವರನ್ನು ಎಲ್ಲಿಗೆ ಕಳಿಸುತ್ತಾರೆ? ಲಕ್ಷದ್ವೀಪದಲ್ಲಿ ಒಟ್ಟು ನೆಲ 32 ಚದರ ಕಿ.ಮೀ., ಜನಸಾಂದ್ರತೆ ಚದರ ಕಿಲೋಮೀಟರಿಗೆ 2,000ಕ್ಕೂ ಜಾಸ್ತಿ. ಕರ್ನಾಟಕದಲ್ಲಿ ಅದು 319. ಬೇರೆ ದ್ವೀಪಕ್ಕೆ ಕಳಿಸಿದರೆ ಅಲ್ಲಿನವರ ನೆಲ, ನೀರು, ಲಗೂನ್‌ನಲ್ಲಿ ಪಾಲು ಕೇಳಬೇಕಾಗುತ್ತದೆ. ಕೇರಳಕ್ಕೋ ಮಂಗಳೂರಿಗೋ ಕಳಿಸಿದರೆ ಇನ್ನೊಂದು ತೊಂದರೆ. ಲಕ್ಷದ್ವೀಪದ ಪರಿಶಿಷ್ಟ ಪಂಗಡದ ಸ್ಥಾನ ನಿಂತಿರುವುದು ತಾನೂ ತಂದೆತಾಯಿ ಇಬ್ಬರೂ ದ್ವೀಪದಲ್ಲಿ ಹುಟ್ಟಿರಬೇಕು ಎಂಬ ನಿಯಮದ ಮೇಲೆ. ಹೊರಗೆ ಹುಟ್ಟಿದ ಮಕ್ಕಳಿಗೂ ಅವಕಾಶ ಇದೆ, ಆದರೆ ಅವರು ದ್ವೀಪದಲ್ಲಿ ಕಾಯಂ ನೆಲೆಸಿದರೆ ಮಾತ್ರ. ಇವತ್ತು ಮುಖ್ಯಭೂಮಿಗೆ ಹೋದವರ ಮಕ್ಕಳು ನಾಳೆ ಪರಿಶಿಷ್ಟರೇ ಅಲ್ಲ ಎಂದಾಗಬಹುದು. ಈ ನಷ್ಟಕ್ಕೆ ಯಾವ ದರಪಟ್ಟಿಯಲ್ಲೂ ಬೆಲೆ ಬರೆದಿಲ್ಲ.

ಹಿಂದೆ ಆಗಿದ್ದೇನು

ಕಡಲ ನೆಲೆಗಾಗಿ ಊರು ಬಿಟ್ಟವರ ಅನುಭವ ಕರ್ನಾಟಕದಲ್ಲೇ ಇದೆ. ಕಾರವಾರದ ಸೀಬರ್ಡ್ ನೌಕಾನೆಲೆ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲಾ ಕಡೆಯ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಮನೆ ಬಿಟ್ಟವು. 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯಿತು. ಸೀಬರ್ಡ್ ನಿರಾಶ್ರಿತರು ಎನ್ನುವ ಹೆಸರು ಮಾತ್ರ ಉಳಿಯಿತು, ಹೆಚ್ಚಿನ ಪರಿಹಾರಕ್ಕಾಗಿ ಕೋರ್ಟಿಗೆ ಅಲೆದಾಟ ದಶಕಗಟ್ಟಲೆ ನಡೆಯಿತು. ಮೀನುಗಾರರಿಗೆ ಮನೆಗಿಂತ ದೊಡ್ಡ ನಷ್ಟ ಅಂದರೆ ದೋಣಿ ಇಳಿಸುವ ಕಡಲತೀರ.

ಅದೇ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಪೋರ್ಚುಗೀಸರ ಕಾಲದ ಚರ್ಚ್ ಇದೆ. ಗೋವಾದ ಭಕ್ತರು ವರ್ಷದ ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದರು. ದ್ವೀಪ ನೌಕಾಪಡೆಗೆ ಸೇರಿದ ಮೇಲೆ ಅದಕ್ಕೆ ತಡೆ ಬಿತ್ತು. ಬಿತ್ರಾದ ಸಂತನ ಸಮಾಧಿಗೆ ಹರಕೆ ಹೊತ್ತವರು ಯೋಚನೆ ಮಾಡುವುದು ಇದನ್ನೇ. ಊರು ಎಲ್ಲಾದರೂ ಹೊಸದಾಗಿ ಕಟ್ಟಬಹುದು, ಗೋರಿಯನ್ನು ಎತ್ತಿಕೊಂಡು ಹೋಗುವುದು ಹೇಗೆ?

ಇನ್ನೊಂದು ಉದಾಹರಣೆ ದೂರದ್ದು, ಆದರೆ ಇದೇ ಕಡಲಿನದು. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಮೂರೂ ಕಡಲಡಿಯ ಒಂದೇ ಏಣಿನ ಮೇಲಿವೆ. ಚಾಗೋಸ್‌ನ ಡಿಯೆಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾನೆಲೆಗಾಗಿ ಬ್ರಿಟನ್ 1968ರಿಂದ 1973ರ ನಡುವೆ ದ್ವೀಪದವರನ್ನೆಲ್ಲ ಹೊರಹಾಕಿತು. ಅರ್ಧ ಶತಮಾನ ಕಳೆದರೂ ಅದು ಮುಗಿಯಲಿಲ್ಲ. 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಬ್ರಿಟನ್ನಿನ ವಿರುದ್ಧ ಅಭಿಪ್ರಾಯ ಕೊಟ್ಟಿತು. 2025ರ ಮೇ ತಿಂಗಳಲ್ಲಿ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ ಬ್ರಿಟನ್ ಸಹಿ ಹಾಕಿತು. ಆ ಹೋರಾಟದ ಉದ್ದಕ್ಕೂ ಭಾರತ ಮಾರಿಷಸ್ ಪರ ನಿಂತಿತ್ತು. ಎರಡೂ ಒಂದೇ ಎಂದು ಹೇಳುತ್ತಿಲ್ಲ. ಅಲ್ಲಿ ವಸಾಹತು ಆಳ್ವಿಕೆ ಇತ್ತು, ಕಾನೂನಿನ ರಕ್ಷಣೆ ಇರಲಿಲ್ಲ. ಇಲ್ಲಿ ಕಾಯಿದೆ ಇದೆ, ಕೋರ್ಟ್ ಇದೆ. ಅದಕ್ಕೇ ಇಲ್ಲಿ ನಮ್ಮ ನಿರೀಕ್ಷೆಯೂ ಜಾಸ್ತಿ.

ಜನ ಇರುವುದೂ ಭದ್ರತೆಯೇ

ದ್ವೀಪದಲ್ಲಿ ಜನ ಇರುವುದು ದೇಶದ ಹಕ್ಕಿಗೂ ಬಲ ಕೊಡುತ್ತದೆ. ಜನವಸತಿಗೆ ಅಥವಾ ತನ್ನದೇ ಆರ್ಥಿಕ ಬದುಕಿಗೆ ಆಧಾರ ಕೊಡಲಾರದ ಬಂಡೆಗೆ ಸುತ್ತಲಿನ ಅನನ್ಯ ಆರ್ಥಿಕ ವಲಯ, ಅಂದರೆ ಮೀನು, ಖನಿಜದಂಥ ಸಂಪತ್ತಿನ ಮೇಲೆ ಆ ದೇಶಕ್ಕೆ ಮಾತ್ರ ಹಕ್ಕಿರುವ ಕಡಲು, ಸಿಗುವುದಿಲ್ಲ ಎನ್ನುತ್ತದೆ ಅಂತರರಾಷ್ಟ್ರೀಯ ಕಡಲ ಕಾನೂನು. 2016ರಲ್ಲಿ ದಕ್ಷಿಣ ಚೀನಾ ಸಮುದ್ರದ ತಕರಾರಿನಲ್ಲಿ ನ್ಯಾಯಮಂಡಳಿ ಇದನ್ನು ಬಿಡಿಸಿ ಹೇಳಿತು. ಹೊರಗಿನ ಸಾಮಾನಿನ ಮೇಲೆ ಬದುಕುವ ಸೈನಿಕರು ಇದ್ದರೆ ಸಾಲದು, ಅಲ್ಲೇ ನೆಲೆನಿಂತ ಸಮುದಾಯ ಬೇಕು ಎಂದಿತು. ಬಿತ್ರಾದ ಅಕ್ಕಪಕ್ಕದಲ್ಲಿ ಚೆಟ್ಲಾಟ್, ಕಿಲ್ತಾನ್ ಇರುವುದರಿಂದ ಭಾರತದ ಕಡಲು ಇದರಿಂದ ದೊಡ್ಡದಾಗಿ ಕುಗ್ಗುವುದಿಲ್ಲ. ಆದರೂ ನಾಗರಿಕ ವಸತಿಯನ್ನು ತೊಡಕು ಎಂದು ಅಧಿಸೂಚನೆಯಲ್ಲಿ ಬರೆಯುವ ಮೊದಲು ಇದನ್ನು ಯೋಚಿಸಬೇಕಿತ್ತು. ಅಪರಿಚಿತ ದೋಣಿ ಬಂದರೆ ಮೊದಲು ಗುರುತಿಸುವವರು ಅಲ್ಲಿನ ಮೀನುಗಾರರೇ.

ಈ ಸುದ್ದಿಯನ್ನು ಹಿಂಬಾಲಿಸುವವರು ನೋಡಬೇಕಾದದ್ದು

ಅಧ್ಯಯನ ಮುಗಿದ ಮಾತ್ರಕ್ಕೆ ದ್ವೀಪ ಕೈತಪ್ಪಿ ಹೋಗುವುದಿಲ್ಲ. ವರದಿ ಬರಬೇಕು, ತಜ್ಞರ ಗುಂಪು ಅದನ್ನು ತೂಗಿ ನೋಡಬೇಕು, ಆಮೇಲೆ 11ನೇ ಸೆಕ್ಷನ್ ಅಡಿ ಪ್ರಾಥಮಿಕ ಅಧಿಸೂಚನೆ ಹೊರಡಬೇಕು. ಆಗ ಆಕ್ಷೇಪಣೆ ಸಲ್ಲಿಸಲು 60 ದಿನ ಸಿಗುತ್ತದೆ. ತಜ್ಞರು ವರದಿ ನೋಡಿದ ದಿನದಿಂದ 12 ತಿಂಗಳೊಳಗೆ ಪ್ರಾಥಮಿಕ ಅಧಿಸೂಚನೆ ಬರದಿದ್ದರೆ ಆ ಅಧ್ಯಯನ ರದ್ದಾದಂತೆ, ಹೊಸದಾಗಿ ಶುರು ಮಾಡಬೇಕು. ಹಾಗಾಗಿ ಸುದ್ದಿಯಲ್ಲಿ ಬಿತ್ರಾ ಹೆಸರು ಮತ್ತೆ ಬಂದಾಗ ಮೊದಲು ನೋಡಬೇಕಾದದ್ದು ಯಾವ ಸೆಕ್ಷನ್ ಅಡಿ ಆದೇಶ ಬಂದಿದೆ ಎನ್ನುವುದನ್ನು.

ವರದಿ ಕೈಗೆ ಸಿಕ್ಕಿದರೆ ಹುಡುಕಬೇಕಾದ ಪುಟಗಳೂ ಇವೆ. 26 ಎಕರೆಯೂ ಕನಿಷ್ಠ ಅಗತ್ಯವೇ ಎನ್ನುವ ಪ್ರಶ್ನೆಗೆ ಕೊಟ್ಟ ಉತ್ತರ ಎಷ್ಟು ಸಾಲಿನದು? ಪರ್ಯಾಯ ಜಾಗ ಎಂದು ಯಾವ ದ್ವೀಪದ ಹೆಸರು ಬರೆದಿದ್ದಾರೆ? ಬಾಧಿತ ಕುಟುಂಬಗಳ ಪಟ್ಟಿಯಲ್ಲಿ ಬೇರೆ ದ್ವೀಪದಿಂದ ಬರುವ ಮೀನುಗಾರರು ಇದ್ದಾರಾ? ತರವಾಡಿನ ಆಸ್ತಿಯನ್ನು ಬೇರೆಯಾಗಿ ಗುರುತಿಸಿದ್ದಾರಾ? ಸಮಾಧಿಗೆ ವರ್ಷಕ್ಕೊಮ್ಮೆಯಾದರೂ ಹೋಗಲು ಲಿಖಿತ ಭರವಸೆ ಇದೆಯಾ? ಲಗೂನ್ ಬಗ್ಗೆ ಒಂದು ಅಧ್ಯಾಯವಾದರೂ ಇದೆಯಾ? ಇವಕ್ಕೆ ಉತ್ತರ ಇಲ್ಲದ ವರದಿಯನ್ನು ತಜ್ಞರ ಗುಂಪು ವಾಪಸ್ ಕಳಿಸಬೇಕು. ಹಾಗೆ ಕಳಿಸುವ ಧೈರ್ಯ ಬರಬೇಕಾದರೆ ಆ ಗುಂಪಿನಲ್ಲಿ ದ್ವೀಪದವರು ಆರಿಸಿ ಕಳಿಸಿದವರು ಕೂತಿರಬೇಕು. ಅದಕ್ಕೆ ಮೊದಲು ಪಂಚಾಯಿತಿ ಚುನಾವಣೆ ನಡೆಸಲಿ, ಆಮೇಲೆ ದ್ವೀಪದ ಮಾತು ಎತ್ತಲಿ.